ಮಗಳಿಗೆ ಕೊಟ್ಟ ನಾಲ್ಕು ನಿದ್ದೆ ಔಷಧಿಗಳು: ಸಿರಪ್ಪಿಗೆ ಮಾತ್ರ ದೊಡ್ಡ ನಮಸ್ಕಾರ

ಮೊದಲೇ ಹೇಳಿಬಿಡುತ್ತೇನೆ, ಪರೀಕ್ಷೆ, ಹೊಲಿಗೆಗಳ ವೇಳೆ ಮಗು ಕದಲದಿರಲೆಂದು ಕೊಡುವ ಔಷಧಿಗಳಲ್ಲಿ ನಾನು ಮೂಗಿಗೆ ಸಿಂಪಡಿಸುವ ಡೆಕ್ಸ್‌ಮೆಡಿಟೊಮಿಡಿನ್ ಪಕ್ಷದವನು. ಆ ಹೆಸರನ್ನು ತಡವರಿಸದೆ ಹೇಳಲು ನನಗೆ ಎರಡು ವಾರ ಹಿಡಿಯಿತು. ಈ ಪಕ್ಷಪಾತ ಹುಟ್ಟಿದ್ದು ಒಂದು ಸಿರಪ್ಪಿನಿಂದ, ಆದ್ದರಿಂದ ಅದರ ಕಥೆಯೇ ಮೊದಲು.

ಮಗಳಿಗೆ ಎರಡು ವರ್ಷವಿದ್ದಾಗ ಬೆರಾ ಪರೀಕ್ಷೆ ಬರೆದುಕೊಟ್ಟರು. ತಲೆಗೆ ತಂತಿ ಅಂಟಿಸಿ, ಕಿವಿಗೆ ಟಿಕ್ ಟಿಕ್ ಸದ್ದು ಕೇಳಿಸಿ, ಶ್ರವಣ ನರ ಸ್ಪಂದಿಸುತ್ತದೆಯೇ ಎಂದು ನೋಡುತ್ತಾರೆ. ನೋವಿಲ್ಲ, ಆದರೆ ಮಗು ಕದಲಬಾರದು. ಅದಕ್ಕೆ ಟ್ರೈಕ್ಲೋಫಾಸ್ ಸಿರಪ್. ಇದು ಕ್ಲೋರಲ್ ಹೈಡ್ರೇಟ್ ಎಂಬ ಹಳೆಯ ನಿದ್ದೆ ಔಷಧಿಯ ದಾಯಾದಿ. ದೇಹದೊಳಗೆ ಹೋದ ಮೇಲೆ ಎರಡೂ ಟ್ರೈಕ್ಲೋರೋಎಥನಾಲ್ ಎಂಬ ಒಂದೇ ವಸ್ತುವಾಗಿ ನಿದ್ದೆ ತರಿಸುತ್ತವೆ. ಅಗ್ಗ, ಸೂಜಿಯ ಗೊಡವೆ ಇಲ್ಲ, ಕುಡಿಸಿದರೆ ಆಯಿತು.

ಕುಡಿಸಿದರೆ ತಾನೆ! ಮೊದಲ ಗುಟುಕಿಗೇ ಅವಳ ಮುಖ ಹಿಂಡಿದ ಬಟ್ಟೆಯಂತಾಯಿತು. ಎರಡನೆಯದನ್ನು ಕೆನ್ನೆಯೊಳಗೆ ಇಟ್ಟುಕೊಂಡಳು. ಮೂರನೆಯದರ ಜೊತೆ ಎಲ್ಲವೂ ನನ್ನ ಅಂಗಿಯ ಮೇಲೆ ಬಂತು. "ಎಷ್ಟು ಒಳಗೆ ಹೋಗಿರಬಹುದು?" ಎಂದು ನರ್ಸ್ ಕೇಳಿದರು. ಅಂಗಿಯ ಮೇಲಿನ ಕಲೆ ನೋಡಿ ಅಳತೆ ಹೇಳುವುದು ಹೇಗೆ? ಅರ್ಧ ಎಂದು ಅಂದಾಜು ಹೇಳಿದೆ. ವೈದ್ಯರು ಮತ್ತೆ ಕೊಡಲು ಒಪ್ಪಲಿಲ್ಲ. ಆಗ ಸಿಟ್ಟು ಬಂದಿತ್ತು, ಈಗ ಅವರದೇ ಸರಿ ಎನ್ನುತ್ತೇನೆ: ಒಳಗೆಷ್ಟಿದೆ ಎಂದು ಗೊತ್ತಿಲ್ಲದಿರುವಾಗ ಮೇಲೆ ಸುರಿದರೆ ಎರಡೂ ಸೇರಿ ಉಸಿರಾಟವನ್ನೇ ಕುಗ್ಗಿಸಬಹುದು.

ಅವರ ತಪ್ಪಾಗಿದ್ದು ಆಮೇಲೆ. ಒಂದು ಗಂಟೆ ಕಾದರೂ ಮಗಳು ಮಲಗಲಿಲ್ಲ. ಕುಡಿದವರಂತೆ ತೂರಾಡುತ್ತ ಕಾರಿಡಾರಿನಲ್ಲಿ ಓಡಾಡಿದಳು. "ಇನ್ನೊಂದು ದಿನ ಬನ್ನಿ" ಎಂದು ಕಳಿಸಿಬಿಟ್ಟರು. ಕಾರು ಹೊರಟು ಹತ್ತು ನಿಮಿಷವಾಗಿರಲಿಲ್ಲ, ಹಿಂದಿನ ಸೀಟಿನಲ್ಲಿ ಅವಳು ನಿದ್ದೆ ಹೋದಳು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ನಾನು ಸದ್ಯ ಮಲಗಿದಳಲ್ಲ ಎಂದುಕೊಂಡೆ. ಪಕ್ಕದಲ್ಲಿದ್ದ ಅಮ್ಮ ಮಾತ್ರ "ಇದೇನೋ ಸದ್ದು, ಗೊರಕೆಯಲ್ಲ ಇದು" ಎಂದು ಅವಳ ಗಲ್ಲ ಹಿಡಿದು ಮೇಲೆತ್ತಿದರು. ತಲೆ ಮುಂದಕ್ಕೆ ಬಾಗಿ ಗಲ್ಲ ಎದೆಗೆ ಒತ್ತಿತ್ತು. ಎತ್ತಿದೊಡನೆ ಸದ್ದು ನಿಂತಿತು. ಗಾಡಿ ತಿರುಗಿಸಿ ನೇರ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋದೆವು. ದಾರಿಯುದ್ದಕ್ಕೂ ಅಮ್ಮ ಆ ಗಲ್ಲ ಬಿಡಲಿಲ್ಲ.

ಅಲ್ಲಿ ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಸಿಕ್ಕಿಸಿ ಸಂಜೆಯವರೆಗೆ ಇಟ್ಟುಕೊಂಡರು. ಏನೂ ಆಗಲಿಲ್ಲ. ಆದರೆ ಮರುದಿನ ಬೆಳಿಗ್ಗೆಯೂ ಅವಳ ನಡಿಗೆಯಲ್ಲಿ ತೂಗಾಟವಿತ್ತು. ಈ ಔಷಧಿಯ ಅರ್ಧದಷ್ಟು ದೇಹದಿಂದ ಕರಗಲು ಎಂಟು ಹತ್ತು ಗಂಟೆ ಬೇಕು, ಪುಟ್ಟ ಕೂಸುಗಳಲ್ಲಿ ಇನ್ನೂ ಹೆಚ್ಚು. ಪರೀಕ್ಷೆ ರದ್ದಾದರೂ ಔಷಧಿ ರದ್ದಾಗುವುದಿಲ್ಲ ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ, ನನ್ನ ತಲೆಗೂ. ಮಂಪರಿನಲ್ಲಿರುವ ಮಗುವನ್ನು ಕಾರಿನ ಸೀಟಿನಲ್ಲಿ ಒಂಟಿಯಾಗಿ ಕೂರಿಸಬಾರದು, ಸಿರಪ್ಪನ್ನು ಮನೆಯಲ್ಲೇ ಕುಡಿಸಿ ಕರೆತನ್ನಿ ಎಂದರೆ ಕೇಳಬಾರದು. ಈ ಎರಡು ವಿಷಯದಲ್ಲಿ ಈಗ ನಾನು ಜಗಳಗಂಟ.

ಎರಡನೆಯದು ಮೂಗಿನ ಮಿಡಜೋಲಮ್. ಮೂರು ವರ್ಷಕ್ಕೆ ಬಿದ್ದು ಹಣೆ ಒಡೆದುಕೊಂಡಾಗ ಹೊಲಿಗೆಗಾಗಿ ಕೊಟ್ಟರು. ದ್ರಾವಣ ಆಮ್ಲೀಯವಾದ್ದರಿಂದ ಮೂಗು ಉರಿಯುತ್ತದೆ. ಒಂದು ನಿಮಿಷ ಕಿರುಚಾಟ. ಹತ್ತು ನಿಮಿಷಕ್ಕೆಲ್ಲ ದೀಪ ನೋಡಿ ನಗುತ್ತಿದ್ದಳು. ಇದು ನೋವು ಕಳೆಯುವ ಔಷಧಿಯಲ್ಲ, ಹೊಲಿಗೆಯ ಜಾಗಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಬೇರೆಯೇ ಬೇಕು. ಆ ಹೊಲಿಗೆ ಅವಳಿಗೆ ಇಂದಿಗೂ ನೆನಪಿಲ್ಲ. ಕೆಲವು ಮಕ್ಕಳು ಇದಕ್ಕೆ ಶಾಂತರಾಗುವ ಬದಲು ರಂಪ ಎಬ್ಬಿಸುತ್ತಾರಂತೆ. ನಮ್ಮವಳು ಮಂಪರು ಇಳಿಯುವ ಹೊತ್ತಿಗೆ ಅರ್ಧ ಗಂಟೆ ಎಬ್ಬಿಸಿದಳು, ಅಷ್ಟೇ.

ನಂತರ ಕಿವಿಯ ನರ ನೋಡಲು ಎಂಆರ್‌ಐ. ಇಲ್ಲಿ ಬಂದದ್ದು ನನ್ನ ನೆಚ್ಚಿನ ಔಷಧಿ. ಸಿರಿಂಜಿನ ತುದಿಗೆ ಪುಟ್ಟ ಸಿಂಪಡಿಕೆ ಮೂತಿ, ಒಂದೊಂದು ಹೊಳ್ಳೆಗೆ ಅರ್ಧರ್ಧ, ಫುಸ್ ಎಂದರೆ ಮುಗಿಯಿತು. ಉರಿಯಿಲ್ಲ. ಸೀನು ಬಂದಂತೆ ಮೂಗು ಉಜ್ಜಿಕೊಂಡಳು. ಅರ್ಧ ಗಂಟೆ ಮಬ್ಬು ಬೆಳಕಿನಲ್ಲಿ ನನ್ನ ಹೆಗಲ ಮೇಲಿದ್ದು, ಮಧ್ಯಾಹ್ನದ ನಿದ್ದೆಗೆ ಜಾರುವ ಹಾಗೆಯೇ ಜಾರಿದಳು. ಉಸಿರಾಟವನ್ನು ಇದು ಕಡಿಮೆ ಕೆಣಕುತ್ತದೆ, ಆದರೆ ನಾಡಿಯನ್ನು ನಿಧಾನಿಸುತ್ತದೆ. ಮಾನಿಟರಿನಲ್ಲಿ 104 ಇದ್ದದ್ದು 76ಕ್ಕೆ ಇಳಿದಾಗ ನನ್ನದು ಏರಿತು. "ನಿದ್ದೆಯಲ್ಲಿ ಇಷ್ಟು ಇಳಿಯುತ್ತದೆ, ನಾವು ನೋಡುತ್ತಲೇ ಇದ್ದೇವೆ" ಎಂದರು ನರ್ಸ್. ಆ "ನೋಡುತ್ತಲೇ ಇದ್ದೇವೆ" ಎಂಬ ಮಾತಿಗಾಗಿಯೇ ನಾನು ಆ ಕಡೆ ವಾಲಿದ್ದು, ಸುಳ್ಳೇಕೆ ಹೇಳಲಿ.

ಕೊರತೆ ಇಲ್ಲವೆಂದಲ್ಲ. ಮೂಗು ಕಟ್ಟಿದ್ದರೆ ಕೆಲಸ ಸರಿಯಾಗಿ ಮಾಡುವುದಿಲ್ಲ (ನೆಗಡಿ ಇದ್ದರೆ ಯಾವ ಔಷಧಿಯಾದರೂ ಉಸಿರಿನ ತೊಂದರೆ ಹೆಚ್ಚು, ಮುಂದೂಡುವುದೇ ಸರಿ). ತಟ್ಟಿದರೆ, ದೊಡ್ಡ ಸದ್ದಾದರೆ ಎಚ್ಚರವಾಗಬಹುದು. ನಮ್ಮವಳ ಕಿವಿಗೆ ಹತ್ತಿ, ಮೇಲೆ ಮುಚ್ಚಳ, ಎರಡನ್ನೂ ಇಟ್ಟರು.

ಆ ಎಂಆರ್‌ಐನಲ್ಲಿ ಮೆದುಳಿನ ಪಕ್ಕ ಸಣ್ಣ ನೀರುಗುಳ್ಳೆಯೊಂದು ಕಂಡಿತು. ಅಪಾಯವಿಲ್ಲ, ಕಣ್ಣಿಟ್ಟಿರಬೇಕು ಎಂದರು. ಮುಂದಿನ ಸಲ ಚಿತ್ರ ಸ್ಪಷ್ಟವಾಗಿ ಕಾಣಲೆಂದು ಕಾಂಟ್ರಾಸ್ಟ್ ದ್ರವ ಹರಿಸಬೇಕಿದ್ದರಿಂದ ರಕ್ತನಾಳಕ್ಕೆ ಸೂಜಿ ಹೇಗೂ ಬೇಕಿತ್ತು, ಹಾಗಾಗಿ ಅರಿವಳಿಕೆ ತಜ್ಞರು ಬಂದು ಪ್ರೊಪೊಫಾಲ್ ಕೊಟ್ಟರು. ಹಾಲಿನಂಥ ಬಿಳಿ ದ್ರವ. "ಒಂದು, ಎರಡು" ಎನ್ನುವಷ್ಟರಲ್ಲಿ ನಿದ್ದೆ, ನಿಲ್ಲಿಸಿದ ಕೆಲವೇ ನಿಮಿಷಕ್ಕೆ ಎಚ್ಚರ. ಎಲ್ಲಕ್ಕಿಂತ ಚೊಕ್ಕ, ಎಲ್ಲಕ್ಕಿಂತ ದುಬಾರಿ. ಮಂಪರಿಗೂ ಪೂರ್ಣ ಅರಿವಳಿಕೆಗೂ ನಡುವೆ ಗೋಡೆಯಿಲ್ಲ, ಇಳಿಜಾರಿದೆ. ಈ ಔಷಧಿ ಆ ಇಳಿಜಾರಿನಲ್ಲಿ ಬಹಳ ಬೇಗ ಜಾರಿಸುತ್ತದೆ. ಉಸಿರು ನಿಂತರೆ ಹಿಡಿಯಬಲ್ಲ ಕೈ ತಲೆಯ ಬಳಿ ಇರಲೇಬೇಕು.

ಉಪವಾಸ ಎಲ್ಲಕ್ಕೂ ಕೇಳಿದರು: ಊಟ, ಹೊರಗಿನ ಹಾಲಿಗೆ 6 ಗಂಟೆ, ತಾಯಿಹಾಲಿಗೆ 4, ನೀರಿಗೆ 2. ಕೆಲವು ಕಡೆ ನೀರಿಗೆ 1 ಗಂಟೆ ಸಾಕೆನ್ನುತ್ತಾರೆ.

ನನ್ನ ಲೆಕ್ಕ ಹೀಗೆ. ಹೆಚ್ಚಾಗಿ ನಾನೊಬ್ಬನೇ ಮಗಳನ್ನು ಕರೆದೊಯ್ಯುತ್ತೇನೆ, ಗಾಡಿಯೂ ನನ್ನದೇ ಕೈಯಲ್ಲಿ. ಹೊರಡುವ ಮುನ್ನ ಅವಳು ಪೂರ್ತಿ ಎಚ್ಚರವಾಗಿ, ಕತ್ತು ನಿಲ್ಲಿಸಿ, ನನ್ನ ಮೇಲೆ ರೇಗುವಂತಿರಬೇಕು. ಅರಿವಳಿಕೆ ತಜ್ಞರ ಖರ್ಚನ್ನು ಪ್ರತಿ ಸಲ ಹೊರಲು ಆಗದು. ಆದ್ದರಿಂದ ನೋವಿಲ್ಲದ ಸ್ಕ್ಯಾನಿಗೆ ಮೂಗಿನ ಡೆಕ್ಸ್‌ಮೆಡಿಟೊಮಿಡಿನ್. ನೋವಿನ ಕೆಲಸವಾದರೆ ಸಾಲ ಮಾಡಿಯಾದರೂ ತಜ್ಞರು. ಸಣ್ಣ ಹೊಲಿಗೆಗೆ ಮರಗಟ್ಟಿಸುವ ಇಂಜೆಕ್ಷನ್ ಜೊತೆ ಮಿಡಜೋಲಮ್ ಸಾಕು. ಯಾವುದೇ ಆದರೂ ಅದೇ ದಿನ ತೂಕ ನೋಡಿ, ಮಿಲಿಗ್ರಾಮಿನಲ್ಲಿ ಎಷ್ಟು, ಮಿಲಿಲೀಟರಿನಲ್ಲಿ ಎಷ್ಟು ಎಂದು ಇಬ್ಬರು ಗಟ್ಟಿಯಾಗಿ ಓದಿಕೊಳ್ಳುವ ಕಡೆಗೇ ಹೋಗುತ್ತೇನೆ. ಮಗು ರಾತ್ರಿ ಗೊರಕೆ ಹೊಡೆಯುತ್ತದೆಯೇ ಎಂದು ಅವರು ಕೇಳದಿದ್ದರೆ ನಾನೇ ಹೇಳುತ್ತೇನೆ.

ಮಗನಿಗೆ ಎರಡು ತಿಂಗಳಲ್ಲಿ ಹೃದಯದ ಎಕೋ ಆಯಿತು. ಹಾಲು ಕುಡಿಸಿ, ಬಟ್ಟೆಯಲ್ಲಿ ಸುತ್ತಿ, ದೀಪ ಆರಿಸಿದೆವು. ಯಾವ ಔಷಧಿಯೂ ಇಲ್ಲದೆ ಇಪ್ಪತ್ತು ನಿಮಿಷ ಮಲಗಿದ.

ಅದನ್ನು ಕೇಳಿದ ಮಗಳು ಈಗ ಹಟ ಹಿಡಿದಿದ್ದಾಳೆ. ಮುಂದಿನ ಎಂಆರ್‌ಐ ವೇಳೆಗೆ ಅವಳಿಗೆ ಆರು ತುಂಬಿರುತ್ತದೆ, "ನನಗೂ ಔಷಧಿ ಬೇಡ" ಎನ್ನುತ್ತಾಳೆ. ದಿನವೂ ಊಟದ ಮೇಜಿನ ಕೆಳಗೆ ಮಲಗಿ, ಮೊಬೈಲಿನಲ್ಲಿ ಯಂತ್ರದ ಸದ್ದು ಹಾಕಿಸಿಕೊಂಡು ಅಭ್ಯಾಸ ನಡೆದಿದೆ. ಬೇಕಿರುವುದು ಅರ್ಧ ಗಂಟೆ. ನಿನ್ನೆ ನಾಲ್ಕು ನಿಮಿಷ ಕದಲಲಿಲ್ಲ.