ಟ್ಯಾಂಡಿ ಮಾಡೆಲ್ 100ಕ್ಕೆ ಎಸ್‌ಡಿ ಕಾರ್ಡ್ ಡ್ರೈವಾ, ವೈಫೈ ಮೋಡೆಮ್ಮಾ?

1983ರಲ್ಲಿ ಬಂದ ಟ್ಯಾಂಡಿ ಕಂಪನಿಯ ಪುಟ್ಟ ಪೋರ್ಟಬಲ್ ಕಂಪ್ಯೂಟರ್ ಟಿಆರ್‌ಎಸ್-80 ಮಾಡೆಲ್ 100 ಈಗಲೂ ಬರೆಯಲು ಅದ್ಭುತ ಯಂತ್ರ. ನಾಲ್ಕು ಎಎ ಸೆಲ್, 40 ಅಕ್ಷರದ 8 ಸಾಲು, ಒಳ್ಳೆಯ ಕೀಬೋರ್ಡ್, ಅಷ್ಟೇ. ತೊಂದರೆ ಇರುವುದು ಮೆಮೊರಿಯಲ್ಲಿ. ಹೆಚ್ಚೆಂದರೆ 32 ಕೆಬಿ ರ‍್ಯಾಮ್, ಒಳಗಿನ ಬ್ಯಾಟರಿ ಸತ್ತರೆ ಬರೆದದ್ದೆಲ್ಲ ಹೋಯಿತು. ಹಾಗಾಗಿ ಬರೆದದ್ದನ್ನು ಹೊರಗೆ ಸಾಗಿಸಲು ದಾರಿ ಬೇಕು.

ಎಸ್‌ಡಿ ಕಾರ್ಡ್ ಡ್ರೈವ್ ಸೀರಿಯಲ್ ಪೋರ್ಟಿಗೆ (ಹೊರಗಿನ ಸಾಧನ ಜೋಡಿಸುವ ಕಿಂಡಿ) ಕೂತು, ಟ್ಯಾಂಡಿಯ ಹಳೆಯ ಫ್ಲಾಪಿ ಡ್ರೈವ್ ತಾನೇ ಎಂದು ಕಂಪ್ಯೂಟರನ್ನು ನಂಬಿಸುತ್ತದೆ. ಫೈಲ್ ಉಳಿಸಿ, ಕಾರ್ಡ್ ತೆಗೆದು ಲ್ಯಾಪ್‌ಟಾಪಿಗೆ ಹಾಕಿದರೆ ಆಯಿತು, ನೆಟ್ ಬೇಕಿಲ್ಲ. ಆದರೆ ಡ್ರೈವ್ ಜೊತೆ ಮಾತಾಡಲು ಟಿಎಸ್-ಡಾಸ್ ಥರದ ಸಾಫ್ಟ್‌ವೇರ್ ಬೇಕು, ಅದನ್ನು ರ‍್ಯಾಮಿಗೆ ಹಾಕಿದರೆ ಮೊದಲೇ ಕಡಿಮೆ ಇರುವ ಜಾಗ ಇನ್ನೂ ಕಡಿಮೆಯಾಗುತ್ತದೆ. ಅದನ್ನೇ ರೋಮ್ (ಅಳಿಸಿಹೋಗದ ಮೆಮೊರಿ) ಚಿಪ್ ಆಗಿ ಹಾಕಿಸಿದರೆ ಈ ಕಾಟ ಇಲ್ಲ.

ವೈಫೈ ಮೋಡೆಮ್‌ಗೆ ಹೊಸದೇನೂ ಬೇಡ, ಯಂತ್ರದಲ್ಲೇ ಟೆಲ್‌ಕಾಮ್ ಎಂಬ ಸಂಪರ್ಕದ ಸಾಫ್ಟ್‌ವೇರ್ ಇದೆ. ಹಳೇ ಮೋಡೆಮ್ಮಿನ ಎಟಿ ಕಮಾಂಡ್ (ಮೋಡೆಮ್ಮಿಗೆ ಕೊಡುವ ಆದೇಶ) ಟೈಪ್ ಮಾಡಿ, ಟೆಲ್‌ನೆಟ್ ಎಂಬ ಹಳೆಯ ಅಕ್ಷರ-ಸಂಪರ್ಕ ವಿಧಾನದ ಮೂಲಕ ಬೇರೆ ಕಂಪ್ಯೂಟರಿಗೆ ಸೇರಬಹುದು, ಆ ಖುಷಿಯೇ ಬೇರೆ! ಸಾಮಾನ್ಯವಾಗಿ ಇವು ಇಎಸ್‌ಪಿ8266 ಚಿಪ್ಪಿನವು, 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ, ರೂಟರ್‌ನಲ್ಲಿ ಅದು ಆನ್ ಇರಲಿ. ವೇಗ ಜಾಸ್ತಿ ಇಟ್ಟರೆ ಪರದೆ ಸರಿಯುವಷ್ಟರಲ್ಲಿ ಅಕ್ಷರಗಳು ಕಳೆದುಹೋಗಬಹುದು. ಟೆಲ್‌ನೆಟ್‌ಗೆ ಗೂಢಲಿಪಿ ಇಲ್ಲ, ಪಾಸ್‌ವರ್ಡ್ ಕಳಿಸುವ ಮೊದಲು ಯೋಚಿಸಿ.

ಸೀರಿಯಲ್ ಪೋರ್ಟ್ ಒಂದೇ ಅಲ್ವಾ, ಎರಡನ್ನೂ ಒಟ್ಟಿಗೆ ಹಾಕಲಾಗದು. ಬರೆಯುವವರು ಮೊದಲು ಕಾರ್ಡ್ ಡ್ರೈವನ್ನೇ ಕೊಳ್ಳಿ. ಮೋಡೆಮ್ ಆಮೇಲೆ ಬರಲಿ, ಅದು ಅಗ್ಗವೂ ಹೌದು.