ಕಲೆ ನೋಡಿಯೇ ಲೈಮ್ ಕಾಯಿಲೆ ಎಂದ ಡಾಕ್ಟರ್

ಮಂಡಿಯ ಹಿಂದೆ ಎದ್ದ ಕೆಂಪು ಕಲೆ ದಿನೇ ದಿನೇ ಅಗಲವಾಗುತ್ತಿತ್ತು. ತುರಿಕೆ ಇಲ್ಲ, ನೋವೂ ಇಲ್ಲ. ಮೊದಲು ಹೋದ ಕ್ಲಿನಿಕ್‌ನಲ್ಲಿ ಅಲರ್ಜಿ ಅಂತ ಮುಲಾಮು ಕೊಟ್ಟು ಕಳಿಸಿದರು. ಈ ಚರ್ಮದ ಡಾಕ್ಟರ್ ಮಾತ್ರ ಕೂತ ತಕ್ಷಣ ಕೇಳಿದರು: 'ಕಾಡು, ಹುಲ್ಲಿನಲ್ಲಿ ಓಡಾಡಿದ್ರಾ?' ಇದು ಉಣುಗು ಕಚ್ಚಿ ಬರುವ ಲೈಮ್ ಸೋಂಕು ಎಂದರು. ಉಣುಗು ಕಚ್ಚಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಎಷ್ಟೋ ಜನಕ್ಕೆ ಹಾಗೇ ಅಂತೆ. ಕಚ್ಚಿದ 3ರಿಂದ 30 ದಿನಗಳೊಳಗೆ ಕಲೆ ಏಳುತ್ತದೆ. ಗುರಿಹಲಗೆಯಂಥ ಉಂಗುರ ಇರಲೇಬೇಕು ಅಂತೇನಿಲ್ಲ, ನನ್ನದು ಬರೀ ಕೆಂಪು. ಮೊದಲ ವಾರಗಳಲ್ಲಿ ರಕ್ತಪರೀಕ್ಷೆ ನೆಗೆಟಿವ್ ಬರಬಹುದು, ಸುಮ್ನೆ ಕಾಯುವುದು ಬೇಡ ಎಂದು ಆಗಲೇ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಬರೆದರು. ಮಾತ್ರೆ ಮುಗಿಯುವವರೆಗೆ ಬಿಸಿಲಿಗೆ ಹೋಗಬೇಡಿ ಎಂದೂ ಹೇಳಿದರು. ಈ ಕ್ಲಿನಿಕ್‌ನಲ್ಲಿ ಕಾಯಿಸುವುದು ಜಾಸ್ತಿ, ಫೋನ್ ಅಂತೂ ಎತ್ತುವುದೇ ಇಲ್ಲ. ಆದರೂ ಇಂಥ ಕಲೆ ಕಂಡವರನ್ನು ನಾನು ಇಲ್ಲಿಗೇ ಕಳಿಸುತ್ತೇನೆ.