ಮಳೆಮಾಪಕವೋ, ಸುರಂಗವೋ, ಯಕ್ಷಗಾನವೋ: ಮೂರು ಶಾಲಾ ಪ್ರಾಜೆಕ್ಟುಗಳ ಹೋಲಿಕೆ

ಕಾಸರಗೋಡಿನ ಕನ್ನಡ ಮೀಡಿಯಂ ಶಾಲೆಗಳ 7–8ನೇ ತರಗತಿಗೆ ಒಗ್ಗುವ, ಗಣಿತ, ವಿಜ್ಞಾನ, ಭಾಷೆಯಂಥ ಪಾಠವಿಷಯಗಳನ್ನು ಕೂಡಿಸುವ ಮೂರು ಪ್ರಾಜೆಕ್ಟುಗಳನ್ನು ಮಾಡಿಸಿ ನೋಡಿದ್ದೇವೆ. ಒರೆಗೆ ಹಚ್ಚಿದ್ದು ಒಂದೇ ಪ್ರಶ್ನೆಯಿಂದ: ಒಂದು ವಿಷಯವನ್ನು ಕೈಬಿಟ್ಟರೆ ಉಳಿದವು ನಿಂತುಹೋಗುತ್ತವೆಯೇ? ಇಲ್ಲವಾದರೆ ವಿಷಯಗಳು ಕೂಡಿದ್ದಲ್ಲ, ಒಂದೇ ಚಾರ್ಟಿಗೆ ಅಂಟಿಸಿದ್ದು.

ಯಕ್ಷಗಾನ ಇಲ್ಲೇ ಸೋಲುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆ ಪಕ್ಕದಲ್ಲಿದೆ, ಮಕ್ಕಳಿಗೆ ಹುರುಪೂ ಇದೆ. ಆದರೆ ತ್ರಿವುಡೆ ತಾಳದ 7, ಝಂಪೆ ತಾಳದ 10 ಅಕ್ಷರಗಳಿಗೆ ಲ.ಸಾ.ಅ. 70 ಎಂದು ಬರೆದ ಮೇಲೆ ಗಣಿತಕ್ಕೆ ಅಲ್ಲಿ ಕೆಲಸವಿಲ್ಲ.

ಮಳೆಮಾಪಕಕ್ಕೆ ಖರ್ಚೇ ಇಲ್ಲ. 2 ಲೀಟರಿನ ಬಾಟಲಿಯ ಹೆಗಲು ಕತ್ತರಿಸಿ ಬೋರಲಾಗಿ ಇಟ್ಟರೆ ಆಲಿಕೆ. ತಳದ ಉಬ್ಬುತಗ್ಗು ಮುಚ್ಚುವವರೆಗೆ ಜಲ್ಲಿ, ಸಿಮೆಂಟು ತುಂಬಿ, ಅದರ ಮೇಲ್ಮೈಯನ್ನು ಸೊನ್ನೆ ಎಂದು ಹಿಡಿಯಬೇಕು. ಜ್ಯಾಮಿಟ್ರಿ ಬಾಕ್ಸಿನ ಸ್ಕೇಲನ್ನು ಹಾಗೇ ಅಂಟಿಸಿದರೆ ಕೆಟ್ಟಿತು. ತುದಿಗೂ ಸೊನ್ನೆ ಗೆರೆಗೂ ನಡುವೆ ಜಾಗವಿರುವುದರಿಂದ ದಿನವೂ ಅಷ್ಟು ಮಿ.ಮೀ. ಕಡಿಮೆ ಬರುತ್ತದೆ. ಓದುವುದು ಬೆಳಿಗ್ಗೆ 8.30ಕ್ಕೆ, ಹವಾಮಾನ ಇಲಾಖೆಯವರಂತೆ. 1 ಮಿ.ಮೀ. ಮಳೆ ಎಂದರೆ ಚದರ ಮೀಟರಿಗೆ 1 ಲೀಟರು, 140 ಚ.ಮೀ. ಮಾಡಿನ ಮೇಲೆ 50 ಮಿ.ಮೀ. ಬಿದ್ದರೆ 7,000 ಲೀಟರು. ತೊಡಕು ಬೇರೆಡೆ ಇದೆ. ರೆಡ್ ಅಲರ್ಟ್ ಬಂದರೆ ಶಾಲೆಗೆ ರಜೆ, ಬಾಟಲಿ ತುಂಬಿ ಚೆಲ್ಲುವುದೂ ಅದೇ ದಿನ! ಶಾಲೆಯ ಹತ್ತಿರದ ಎರಡು ಮನೆಗಳ ಅಂಗಳದಲ್ಲೂ ಒಂದೊಂದು ಇಡಿಸಿ, ಜೋರು ಮಳೆಗೆ ಸಂಜೆಯೂ ಓದಿಸಬೇಕು.

ನಮ್ಮ ಮೊದಲ ಆಯ್ಕೆ ಸುರಂಗ. ಮುರಕಲ್ಲಿನ ಗುಡ್ಡೆಗೆ ಅಡ್ಡಲಾಗಿ ಕೊರೆದ ಈ ಬಿಲದಿಂದ ಪಂಪಿಲ್ಲದೆ ನೀರು ಬರುತ್ತದೆ. ಮಕ್ಕಳನ್ನು ಒಳಗೆ ಬಿಡಲೇಬಾರದು: ಉಸಿರುಗಟ್ಟಬಹುದು, ಮಣ್ಣು ಕುಸಿಯಬಹುದು, ಹಾವಿರಬಹುದು. ಅಳತೆಯೆಲ್ಲ ಹೊರಗಿನ ಪೈಪಿನ ತುದಿಯಲ್ಲೇ. ಅಂಗಡಿಯ '10 ಲೀಟರ್' ಬಾಲ್ದಿಯನ್ನು ನಂಬದೆ, 1 ಲೀಟರಿನ ಬಾಟಲಿಯಿಂದ ಹತ್ತು ಸಲ ಹೊಯ್ದು ಗೆರೆ ಎಳೆಯಿರಿ. ಪೈಪಿನ ಬುಡದಲ್ಲಿ ಸೋರಿದರೆ ಜೇಡಿಮಣ್ಣು ಮೆತ್ತಿ, ಮನೆಗೆ ಹೋಗುವ ಕವಲು ಪೈಪನ್ನು ಮುಚ್ಚಿಸಿ, ಮೂರು ಸಲ ಅಳೆದು ಸರಾಸರಿ ತೆಗೆಯಿರಿ. 10 ಲೀಟರು 40 ಸೆಕೆಂಡಿನಲ್ಲಿ ತುಂಬಿದರೆ ದಿನಕ್ಕೆ 21,600 ಲೀಟರು. ಮಾರ್ಚಿನಲ್ಲಿ 2 ನಿಮಿಷ ಹಿಡಿದರೆ 7,200. ಹನಿ ನೀರಾವರಿಯಲ್ಲಿ ಕಂಗೊಂದಕ್ಕೆ (ಅಡಿಕೆ ಮರಕ್ಕೆ) ದಿನಕ್ಕೆ 20 ಲೀಟರೆಂದರೆ 360 ಕಂಗಿಗೆ ಸಾಕು. ತೋಟದಲ್ಲಿ 500 ಇದ್ದರೆ?

ನೀರು ಇಳಿದದ್ದು ಬೇಸಗೆಗೋ, ಪಕ್ಕದ ಬೋರ್‌ವೆಲ್ಲಿಗೋ ಎನ್ನುವುದನ್ನು ಬಾಲ್ದಿ ಹೇಳದು. ಕೊರೆದವರನ್ನೂ ತೋಟದವರನ್ನೂ ಕೇಳಬೇಕು. ಮಾತು ತುಳುವಿನಲ್ಲೋ ಮಲಯಾಳದಲ್ಲೋ, ಬರವಣಿಗೆ ಕನ್ನಡದಲ್ಲಿ. ಸುರಂಗದ ಉದ್ದವನ್ನು ಅವರು ಹೇಳುವುದು ಕೋಲಿನ ಲೆಕ್ಕದಲ್ಲಿ. ಆ ಕೋಲನ್ನು ಮೊದಲು ಟೇಪು ಹಿಡಿದು ಅಳೆದರೆ ಮಾತ್ರ ಮೀಟರು ಸಿಗುತ್ತದೆ. ಹೀಗಾಗಿ ಇಲ್ಲಿ ಭಾಷೆ ಬಿಟ್ಟರೆ ವಿಜ್ಞಾನ ಮುಂದೆ ಹೋಗುವುದಿಲ್ಲ.

ನವೆಂಬರಿನಿಂದ ಮಾರ್ಚಿನವರೆಗೆ ಹದಿನೈದು ದಿನಕ್ಕೊಮ್ಮೆ ಅಳೆದರೆ ಗ್ರಾಫಿಗೆ ಸಾಕು. ನಡೆದು ಹೋಗುವಷ್ಟು ದೂರದಲ್ಲಿ ಸುರಂಗವಿಲ್ಲದ ಶಾಲೆಯವರು ಬಾವಿ ಹಿಡಿಯಬಹುದು: ಕಟ್ಟೆಯಿಂದ ನೀರಿನವರೆಗೆ ಹಗ್ಗ ಇಳಿಸಿ ಅಳೆಯುವುದು, ಅದೂ ಬೆಳಿಗ್ಗೆ ಪಂಪು ಹಾಕುವ ಮೊದಲೇ.